ಹುಕ್ ಸಾಹೇಬರ ಕೀಲು, ನನ್ನ ಟವೆಲು

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ಏಳೆಂಟು ಮಂದಿ ತಂದೆತಾಯಿಯರು ನಮ್ಮ ಮನೆಯ ಜಗಲಿಯಲ್ಲಿ ಬಂದು ಕುಳಿತರು. ಪರೀಕ್ಷೆಯ ವಿಷಯವಿರಬೇಕು ಎಂದುಕೊಂಡೆ. ಕಾಫಿ ಕುಡಿದಾದ ಮೇಲೆ ಒಬ್ಬರು ನಿಧಾನವಾಗಿ ಬಾಯಿ ಬಿಟ್ಟರು. ‘ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ದಾರಿ ಬದಿ ನಿಮ್ಮ ಪೊದೆ ಒಂದು ಸವರಿಸಿಬಿಟ್ರೆ ಮಕ್ಕಳಿಗೆ ಅನುಕೂಲ ಆಗ್ತದೆ.’

‘ನಿಮ್ಮ ಪೊದೆ’ ಎಂದದ್ದು ನಾಟಿತು. ನಮ್ಮ ತಂದೆಯ ಕಾಲದಲ್ಲಿ ಅದು ಒಂದೂವರೆ ಎಕರೆಯ ಒಳ್ಳೆಯ ಹೊಲ. ಕುಂದೂರಿನ ಸುತ್ತ ಆನೆಗಳ ಓಡಾಟ ಹೆಚ್ಚಿದ ಮೇಲೆ ಬೆಳೆ ಕೈಗೆ ಬರುವುದು ಅನುಮಾನವಾಯಿತು. ಆಲೂರು ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಹೈಕೋರ್ಟ್ ಆದೇಶದಂತೆ ರಚನೆಯಾದ ಆನೆ ಕಾರ್ಯಪಡೆ 2012ರಲ್ಲೇ ಹೇಳಿತ್ತು. ಕೆಲವನ್ನು ಹಿಡಿದದ್ದೂ ಆಯಿತು, ಆದರೆ ಓಡಾಟ ನಿಲ್ಲಲಿಲ್ಲ. ಬೇಸತ್ತು ನಾನು ಹೊಲವನ್ನು ಎಂಟು ವರ್ಷ ಬೀಳು ಬಿಟ್ಟೆ. ಹೂವಿನ ಚಂದಕ್ಕೆಂದು ಹಿಂದೆ ಯಾರೋ ಅಮೆರಿಕ ಖಂಡದಿಂದ ತಂದ ಲಂಟಾನ ಅಲ್ಲಿ ಆಳೆತ್ತರ ಬೆಳೆಯಿತು. ಅದರ ಪಕ್ಕದಲ್ಲೇ ಶಾಲೆಗೆ ಹೋಗುವ ಕಾಲುದಾರಿ. ಹಿಂದಿನ ದಿನ ಮಕ್ಕಳು ಆ ದಾರಿಯಲ್ಲಿ ಹಸಿ ಲದ್ದಿ ಕಂಡು ಮನೆಗೆ ಓಡಿ ಬಂದಿದ್ದರಂತೆ. ಆನೆ ಬಂದರೆ ಅರಣ್ಯ ಇಲಾಖೆಯವರು ಮೊಬೈಲಿಗೆ ಸಂದೇಶ ಕಳಿಸುತ್ತಾರೆ, ನಿಜ. ಆದರೆ ಹತ್ತು ಮಾರು ದೂರದ ಪೊದೆಯೊಳಗೆ ಏನು ನಿಂತಿದೆ ಎಂಬುದು ಮಗುವಿಗೆ ಕಣ್ಣಿಗೇ ಕಾಣಬೇಕು.

ಕೂಲಿಗೆ ಆಳು ಸಿಗಲಿಲ್ಲ. ಸಿಕ್ಕವರು ಮಚ್ಚು ಹಿಡಿದು ಆ ಪೊದೆಯೊಳಗೆ ಇಳಿಯಲು ಒಪ್ಪಲಿಲ್ಲ. ಕೊನೆಗೆ ತೋಟದ ಮಾಲೀಕರೊಬ್ಬರಿಂದ ಟ್ರ್ಯಾಕ್ಟರಿಗೆ ಕಟ್ಟುವ ಸ್ಲ್ಯಾಷರ್ ಬಾಡಿಗೆಗೆ ತರಿಸಿದೆ. ಓಡಿಸಿಕೊಂಡು ಬಂದವನು ನನ್ನ ಹಳೆಯ ವಿದ್ಯಾರ್ಥಿ. ಹತ್ತನೇ ತರಗತಿಯಲ್ಲಿ ವಿಜ್ಞಾನಕ್ಕೆ ಮೂವತ್ತೈದು ಅಂಕ ದಾಟುವಷ್ಟರಲ್ಲಿ ಅವನಿಗೂ ನನಗೂ ಏದುಸಿರು ಬಂದಿತ್ತು.

ಯಂತ್ರ ನೋಡಲು ಸರಳ. ಐದಡಿ ಅಗಲದ ಕಬ್ಬಿಣದ ಚಪ್ಪರ, ಅದರ ಮೇಲೊಂದು ಗೇರ್ ಪೆಟ್ಟಿಗೆ, ಅಡಿಯಲ್ಲಿ ಫ್ಯಾನಿನ ರೆಕ್ಕೆಗಳಂತೆ ತಿರುಗುವ ಎರಡು ದಪ್ಪ ಅಲಗು. ಅಲಗುಗಳನ್ನು ಬಿಗಿದಿರುವುದಿಲ್ಲ, ಒಂದೊಂದೇ ಬೋಲ್ಟಿನಲ್ಲಿ ಸಡಿಲವಾಗಿ ತೂಗು ಹಾಕಿರುತ್ತಾರೆ. ತಿರುಗುವಾಗ ಅವು ತಾವಾಗಿಯೇ ಹೊರಕ್ಕೆ ಚಾಚಿ ನಿಲ್ಲುತ್ತವೆ, ಕಲ್ಲಿಗೆ ಬಡಿದರೆ ಹಿಂದಕ್ಕೆ ಮಡಚಿಕೊಳ್ಳುತ್ತವೆ. ಜಡತ್ವದ ಪಾಠಕ್ಕೆ ದಾರಕ್ಕೆ ಕಟ್ಟಿದ ಕಲ್ಲನ್ನು ಬಿಟ್ಟು ಬೇರೆ ಉದಾಹರಣೆ ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ. ನಿಮಿಷಕ್ಕೆ ಸಾವಿರ ಸುತ್ತು ಎಂದಿಟ್ಟುಕೊಂಡು ಅಲಗಿನ ತುದಿಯ ವೇಗವನ್ನು ಮಕ್ಕಳು ಲೆಕ್ಕ ಹಾಕಿ ನೋಡಲಿ. ಗಂಟೆಗೆ 280 ಕಿಲೋಮೀಟರಿನ ಆಸುಪಾಸು ಬರುತ್ತದೆ. ಆ ವೇಗದಲ್ಲಿ ಚಿಮ್ಮಿದ ಕಲ್ಲು ಎಷ್ಟು ದೂರ ಹೋದೀತು ಎಂಬ ಯೋಚನೆ ಬಂದದ್ದರಿಂದಲೇ ಕೆಲಸವನ್ನು ಭಾನುವಾರಕ್ಕೆ ಇಟ್ಟುಕೊಂಡೆ. ದಾರಿಯ ಎರಡೂ ತುದಿಗೆ ಒಬ್ಬೊಬ್ಬರನ್ನು ನಿಲ್ಲಿಸಿದೆ. ಹಿಂದಿನ ದಿನವೇ ಪೊದೆಯ ಅಂಚಿನಲ್ಲಿ ಪಟಾಕಿ ಹೊಡೆದು, ಕೋಲಿನಿಂದ ತಡಕಿ, ಕಲ್ಲುಗಳನ್ನೂ ಹಳೆಯ ಸೋಲಾರ್ ಬೇಲಿಯ ತುಂಡು ತಂತಿಗಳನ್ನೂ ಹೊರಗೆ ಹಾಕಿದ್ದೆವು. ತಂತಿ ಅಲಗಿಗೆ ಸುತ್ತಿಕೊಂಡರೆ ಬಿಡಿಸಲು ಅರ್ಧ ದಿನ ಬೇಕು.

ಹುಡುಗ ನೇರವಾಗಿ ಹೊಲಕ್ಕೆ ಇಳಿಯಲಿಲ್ಲ. ಟ್ರ್ಯಾಕ್ಟರನ್ನು ನಮ್ಮ ಕಣದಲ್ಲಿ, ಮಟ್ಟಸವಾದ ಜಾಗದಲ್ಲಿ ನಿಲ್ಲಿಸಿ ಟೇಪ್ ಕೇಳಿದ. ಕೆಳಗೆ ಎರಡು ತೋಳು, ಮೇಲೆ ಒಂದು ಸರಳು. ಹೀಗೆ ಮೂರು ಕಡೆ ಹಿಡಿದು ಯಂತ್ರವನ್ನು ಎತ್ತಿಳಿಸುವ ಜೋಡಣೆಯನ್ನು ರೂಢಿಗೆ ತಂದವರು ಐರ್ಲೆಂಡಿನ ಹ್ಯಾರಿ ಫರ್ಗುಸನ್. 1939ರ ಫೋರ್ಡ್ ಟ್ರ್ಯಾಕ್ಟರಿನೊಂದಿಗೆ ಅದು ದೊಡ್ಡ ಪ್ರಮಾಣದಲ್ಲಿ ಹರಡಿತು. ನಮ್ಮೂರಿನವರು ‘ಮ್ಯಾಸಿ’ ಎಂದು ಅರ್ಧಕ್ಕೆ ಕತ್ತರಿಸುವ ಹೆಸರಿನ ಉಳಿದರ್ಧ ಇವರೇ. ಹುಡುಗ ಬಲತೋಳಿನ ಹಿಡಿಯನ್ನು ತಿರುಗಿಸಿ ಮೊದಲು ಎಡಬಲ ಸಮ ಮಾಡಿದ. ಆಮೇಲೆ ಮೇಲಿನ ಸರಳನ್ನು ಗಿಡ್ಡ ಮಾಡುತ್ತಾ ಬಂದ. ಯಂತ್ರದ ಮೂತಿ ಕೆಳಗಾಗಿ ಬಾಲ ಒಂದಂಗುಲ ಮೇಲೆದ್ದಿತು.

‘ಸಮ ಇದ್ದದ್ದನ್ನು ಯಾಕಯ್ಯಾ ಕೆಡಿಸ್ತೀಯ?’ ಎಂದೆ.

‘ಹಿಂದೆ ತಗ್ಗಾದ್ರೆ ಕಡಿದದ್ದನ್ನೇ ಮತ್ತೆ ಕಡಿತದೆ ಸಾ. ಇಂಜಿನ್ ಸುಮ್ನೆ ಉಸಿರು ಕಟ್ತದೆ, ಡೀಸೆಲ್ ದಂಡ. ಮುಂದೆ ತಗ್ಗಿದ್ರೆ ಒಂದು ಸಲ ಕಡಿದು ಹಿಂದಕ್ಕೆ ಬಿಟ್ಟುಬಿಡ್ತದೆ.’

ಮೊದಲ ಸುತ್ತಿಗೆ ಅಲಗನ್ನು ನೆಲದಿಂದ ಅರ್ಧ ಅಡಿಗೂ ಹೆಚ್ಚು ಎತ್ತರದಲ್ಲಿ ಇಟ್ಟ. ಕಾಣದ ಕಲ್ಲು, ಬೊಡ್ಡೆ ಇರುತ್ತವೆ, ಎರಡನೇ ಸುತ್ತಿಗೆ ತಗ್ಗಿಸಿದರಾಯಿತು ಎಂದ. ಇಳಿಜಾರಿನಲ್ಲಿ ಅಡ್ಡಡ್ಡ ಓಡಿಸುವುದಿಲ್ಲ, ಮೇಲೆ ಕೆಳಗೆ ಮಾತ್ರ ಎಂದೂ ಹೇಳಿದ. ನನಗೆ ಮಾತಾಡಲು ಏನೂ ಉಳಿಯಲಿಲ್ಲ.

ಇನ್ನು ಶಾಫ್ಟ್. ಟ್ರ್ಯಾಕ್ಟರಿನ ಹಿಂದಿನಿಂದ ಶಕ್ತಿಯನ್ನು ಗೇರ್ ಪೆಟ್ಟಿಗೆಗೆ ಒಯ್ಯುವ, ಒಂದರೊಳಗೊಂದು ಜಾರುವ ಎರಡು ಚೌಕ ಕೊಳವೆ. ಯಂತ್ರವನ್ನು ಎತ್ತಿ ಇಳಿಸಿ, ಕೊಳವೆಗಳು ತೀರಾ ಒತ್ತಿಕೊಳ್ಳದಂತೆ, ಮೂರನೇ ಒಂದು ಭಾಗಕ್ಕಿಂತ ಕಡಿಮೆ ಹಿಡಿತವೂ ಆಗದಂತೆ ಇದೆಯೇ ಎಂದು ನೋಡಿಕೊಂಡ. ಅದರ ಮೇಲೆ ಇರಬೇಕಾದ ಪ್ಲಾಸ್ಟಿಕ್ ಕವಚ ಇರಲಿಲ್ಲ. ಮುರಿದು ಎಷ್ಟೋ ಕಾಲವಾಗಿತ್ತಂತೆ.

ಚಾಲೂ ಮಾಡಿ ಯಂತ್ರವನ್ನು ಸ್ವಲ್ಪ ಎತ್ತಿದೊಡನೆ ಕಣವೆಲ್ಲ ಗಡಗಡ ನಡುಗಿತು. ತಗ್ಗಿಸಿದರೆ ನಡುಕ ಕಡಿಮೆ, ಎತ್ತಿದರೆ ಹೆಚ್ಚು. ಇದು ಏಕೆ ಹೀಗೆ? ಮೂವತ್ತು ವರ್ಷ ಮಕ್ಕಳಿಗೆ ‘ಹತ್ತಿರದಿಂದ ಗಮನಿಸಿ’ ಎಂದು ಹೇಳಿದ ಚಾಳಿ. ತಿರುಗುತ್ತಿದ್ದ ಶಾಫ್ಟಿನ ಮೇಲೆ ಬಗ್ಗಿಯೇಬಿಟ್ಟೆ.

ಹೆಗಲ ಮೇಲಿದ್ದ ಟವೆಲು ಜಾರಿದ್ದು ನನಗೆ ತಿಳಿಯಲಿಲ್ಲ. ಕತ್ತಿನ ಹಿಂದೆ ಚುರುಕ್ ಎಂದಿತು, ಅಷ್ಟೆ. ಹುಡುಗ ಕ್ಲಚ್ ತುಳಿದು ಇಂಜಿನ್ ಆರಿಸಿದಾಗ ಟವೆಲು ಪೂರ್ತಿ ಶಾಫ್ಟಿನಲ್ಲಿ ಹಗ್ಗದಂತೆ ಸುತ್ತಿಕೊಂಡಿತ್ತು. ಅದನ್ನು ಸಡಿಲವಾಗಿ ಹಾಕಿಕೊಂಡಿದ್ದೆ, ಕಟ್ಟಿಕೊಂಡಿರಲಿಲ್ಲ. ಶಾಫ್ಟು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಆರು ಸೆಂಟಿಮೀಟರ್ ದಪ್ಪದ ಶಾಫ್ಟು ಒಂದು ಸೆಕೆಂಡಿನಲ್ಲಿ ಹೆಚ್ಚುಕಡಿಮೆ 1.7 ಮೀಟರ್ ಬಟ್ಟೆ ಎಳೆದುಕೊಳ್ಳುತ್ತದೆ. ನನ್ನ ಟವೆಲಿನ ಉದ್ದ ಅದಕ್ಕಿಂತ ಕಡಿಮೆ. ಈ ಲೆಕ್ಕ ಹಾಕಿದ್ದು ಅಂದು ರಾತ್ರಿ, ನಿದ್ದೆ ಬಾರದೆ.

ಹುಡುಗ ಸೀಟಿನಿಂದ ಹಾರಿ ಬಂದವನು ಬೈದ. ‘ನಿಮಗೇನು ಬುದ್ಧಿ ಇಲ್ವಾ ಸಾ? ಲ್ಯಾಬಲ್ಲಿ ಆಸಿಡ್ ಬಾಟ್ಲಿ ಮುಟ್ಟಿದ್ದಕ್ಕೆ ನನ್ನ ಬೆಂಚಿನ ಮೇಲೆ ನಿಲ್ಲಿಸಿದ್ರಿ!’ ಅವನ ಕೈ ನಡುಗುತ್ತಿತ್ತು. ನನ್ನವೂ.

ಟವೆಲು ಬಿಚ್ಚಲು ಶಾಫ್ಟನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಬೇಕಾಯಿತು. ಆಗ ಕಂಡಿತು ಕಾರಣ. ಶಾಫ್ಟಿನ ಎರಡೂ ತುದಿಗೆ ಮೆಕ್ಯಾನಿಕ್‌ಗಳು ‘ಕ್ರಾಸ್’ ಎನ್ನುವ ಕೀಲು ಇರುತ್ತದೆ. ಜೀವಕೋಶದ ಪಾಠದಲ್ಲಿ ನಾವು ‘1665’ ಎಂದು ಕಂಠಪಾಠ ಮಾಡಿಸುವ ರಾಬರ್ಟ್ ಹುಕ್ ಸಾಹೇಬರ ಹೆಸರೇ ಈ ಕೀಲಿಗೂ ಇದೆ. ಓರೆಯಲ್ಲಿ ತಿರುಗುವಾಗ ಇದು ಒಂದೇ ವೇಗದಲ್ಲಿ ತಿರುಗಿಸುವುದಿಲ್ಲ. 20 ಡಿಗ್ರಿ ಓರೆಯಿದ್ದರೆ 540ರ ಬದಲು ಪ್ರತಿ ಸುತ್ತಿನಲ್ಲಿ ಎರಡು ಸಲ 507ಕ್ಕೆ ಇಳಿದು 575ಕ್ಕೆ ಏರುತ್ತದೆ. ಎರಡನೇ ಕೀಲು ಅಷ್ಟೇ ಓರೆಯಲ್ಲಿದ್ದು, ನಡುವಿನ ಶಾಫ್ಟಿನ ಎರಡು ಕವಲುಗಳು ಒಂದೇ ನೇರಕ್ಕಿದ್ದರೆ ಈ ಏರಿಳಿತವನ್ನು ಅದು ಅಳಿಸುತ್ತದೆ. ಗ್ರೀಸ್ ಹಾಕಲು ಬಿಚ್ಚಿದವರಾರೋ ಚೌಕ ಕೊಳವೆಯನ್ನು ಕಾಲು ಸುತ್ತು ತಿರುಗಿಸಿ ಕೂರಿಸಿದ್ದರು. ಕವಲುಗಳು ಒಂದಕ್ಕೊಂದು ಅಡ್ಡವಾಗಿದ್ದವು. ಆಗ ಅಳಿಸುವ ಬದಲು ಕೂಡುತ್ತದೆ, ಏರಿಳಿತ ಸುಮಾರು 477ರಿಂದ 611. ಎತ್ತಿದಷ್ಟೂ ಓರೆ ಹೆಚ್ಚು, ನಡುಕವೂ ಹೆಚ್ಚು.

ಎಳೆದು, ಕಾಲು ಸುತ್ತು ತಿರುಗಿಸಿ, ಮತ್ತೆ ಕೂರಿಸಿದೆವು. ಎತ್ತಿದರೂ ನಡುಕವಿಲ್ಲ. ‘ಇದು ನಂಗೆ ಗೊತ್ತಿರ್ಲಿಲ್ಲ ಸಾ’ ಎಂದ ಹುಡುಗ. ಇಂಜಿನ್ ಆರಿಸಿಯೇ ನೋಡಬಹುದಾಗಿದ್ದ ಸಂಗತಿ ಅದು. ಅದನ್ನು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಕವಚವಿಲ್ಲದ ಶಾಫ್ಟಿನ ಹತ್ತಿರ ಯಾರನ್ನೂ ಬಿಡದೆ ಸಂಜೆಯೊಳಗೆ ಹೊಲ ಮುಗಿಸಿದ. ಸೋಮವಾರ ಮಕ್ಕಳು ಬರುವುದು ಆ ತುದಿಯಿಂದ ಈ ತುದಿಗೂ ಕಾಣುತ್ತಿತ್ತು. ಟವೆಲಿನ ಚಿಂದಿಯನ್ನು ತರಗತಿಗೆ ಒಯ್ದು ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು. ‘ಸಾರ್, ನಿಮ್ಮನ್ನ ಬೆಂಚಿನ ಮೇಲೆ ನಿಲ್ಲಿಸಿದ್ರಾ?’

ಲಂಟಾನ ಬುಡದಿಂದ ಚಿಗುರುವ ಜಾತಿ, ಒಂದು ಸಲಕ್ಕೆ ಸಾಯುವುದಿಲ್ಲ. ಮಳೆ ಬಿದ್ದೊಡನೆ ಬೊಡ್ಡೆಗಳೆಲ್ಲ ಹಸಿರಾದವು. ಮತ್ತೆ ಹೊಡೆಸಬೇಕೆಂದು ಮೊನ್ನೆ ಹುಡುಗನಿಗೆ ಫೋನ್ ಮಾಡಿ, ಕವಚ ಹಾಕಿಸದೆ ಯಂತ್ರ ತರಬೇಡ ಎಂದೆ. ಮಾಲೀಕರಿಗೆ ಹೇಳಿ ಹಾಕಿಸಿಯಾಗಿದೆ, ಹಳದಿ ಬಣ್ಣದ್ದು ಎಂದ. ಫೋನಿಡುವ ಮುಂಚೆ, ‘ಟವೆಲು ಮನೇಲೇ ಬಿಟ್ಟು ಬನ್ನಿ ಸಾ’ ಎಂದ.