ಅರ್ಧ ಗಂಟೆಯ ಆಕಾಶ, ಒಂದು ದಿನದ ದಾರಿ

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜಪೆ ನಿಲ್ದಾಣಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 126 ಕಿ.ಮೀ. ಗಂಟೆಗೆ 500 ಕಿ.ಮೀ. ಹಾರುವ ಎಟಿಆರ್ ವಿಮಾನಕ್ಕೆ ಕಾಲು ಗಂಟೆಯ ದೂರ. ಏರುವುದು, ಇಳಿಯುವುದು ಸೇರಿಸಿದರೂ ಅರ್ಧ ಗಂಟೆ. ನನಗೆ ಬೆರಗು ಹುಟ್ಟಿಸಿದ್ದು ಆ ಗೆರೆಯ ಕೆಳಗಿನ ಊರುಗಳು. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಸೋಗಾನೆ ನಿಲ್ದಾಣಕ್ಕೆ ಕುವೆಂಪು ಅವರ ಹೆಸರು. ಅಲ್ಲಿಂದ ಹೊರಟ ಗೆರೆ ಅವರು ಹುಟ್ಟಿದ ಹಿರೇಕೊಡಿಗೆಯ ತಾಲ್ಲೂಕು ಕೇಂದ್ರ ಕೊಪ್ಪದ ನೆತ್ತಿಯ ಮೇಲೇ ಹಾಯುತ್ತದೆ! ಆಮೇಲೆ ಶೃಂಗೇರಿ, ಕುದುರೆಮುಖದ ಕಾಡು, ಮೂಡುಬಿದಿರೆ.

ನಾವು ಹೊರಟಿದ್ದು ಕಾರಿನಲ್ಲಿ, ಮಾರ್ಚ್ ತಿಂಗಳಲ್ಲಿ. ನರಸಿಂಹರಾಜಪುರ ದಾಟಿ ಬಾಳೆಹೊನ್ನೂರಿಗೆ ಬಂದರೆ ಕಾಫಿ ಸೀಮೆ. 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಇರುವುದು ಈ ಊರಿನ ಹತ್ತಿರವೇ. ಇಲ್ಲಿಂದ ಮಾಗುಂಡಿ, ಕಳಸದವರೆಗೂ ಭದ್ರೆಯ ಜೊತೆ. ಹೊಳೆ ತಿರುಗಿದ ಕಡೆ ರಸ್ತೆಯೂ ತಿರುಗುತ್ತದೆ. ದೂರ ಬೆಳೆಯುವುದು ಹೀಗೆ.

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ವಾರ ಕಳೆದಿತ್ತು. ಒಂದು ತಿರುವಿನಲ್ಲಿ ಕಾರು ನಿಲ್ಲಿಸಿ ಇಳಿದೆವು. ರೊಬಸ್ಟಾ ಗಿಡಗಳ ರೆಂಬೆರೆಂಬೆಯೂ ಬೆಳ್ಳಗೆ! ಗೆಣ್ಣು ಗೆಣ್ಣಿಗೂ ಹೂವಿನ ಗೊಂಚಲು, ಎಲೆ ಕಾಣದಷ್ಟು. ಮಲ್ಲಿಗೆಯಂಥ ಕಂಪು ಗಂಟಲಿನವರೆಗೂ ಇಳಿಯಿತು. ತೋಟವಿಡೀ ಜೇನ್ನೊಣಗಳ ಝೇಂಕಾರ. ನಾಲ್ಕೈದು ದಿನ ತಡವಾಗಿದ್ದರೆ ಇದೆಲ್ಲ ಕಂದಿ ಉದುರಿರುತ್ತಿತ್ತು.

ಕಳಸದಲ್ಲಿ ಊಟಕ್ಕೆ ಕುಳಿತಾಗ ಮತ್ತೆ ನಕ್ಷೆ ಬಿಡಿಸಿದೆ. ಮೂಡಿಗೆರೆ ಇಲ್ಲಿಂದ ನೇರಕ್ಕೆ ಸುಮಾರು 33 ಕಿ.ಮೀ. ಅಷ್ಟೇ. ಬಸ್ಸಿಗಾದರೆ ಕೊಟ್ಟಿಗೆಹಾರ ಬಳಸಿ ಸುಮಾರು ಎರಡು ಗಂಟೆಯ ದಾರಿ. ನಡುವೆ ನಿಂತಿರುವ ಗುಡ್ಡಸಾಲು ಸಾಮಾನ್ಯದ್ದಲ್ಲ. ಮೂಡಿಗೆರೆ ಕಡೆ ಬಿದ್ದ ಮಳೆ ಹೇಮಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಕಳಸದ ಮಳೆ ಭದ್ರೆ, ತುಂಗಭದ್ರೆಯಾಗಿ ಕೃಷ್ಣೆಗೆ. ಇನ್ನೂ ಪಶ್ಚಿಮಕ್ಕೆ, ಗಂಗಾಮೂಲದ ಬೆಟ್ಟದಲ್ಲಿ, ತುಂಗೆ ಭದ್ರೆಯರ ಜೊತೆಗೇ ಹುಟ್ಟುತ್ತಾಳೆಂದು ಹೇಳುವ ನೇತ್ರಾವತಿ ಅರಬ್ಬಿ ಸಮುದ್ರದ ದಾರಿ ಹಿಡಿಯುತ್ತಾಳೆ. ವಿಮಾನ ಇಷ್ಟನ್ನೂ ನಿಮಿಷಗಳಲ್ಲಿ ದಾಟಿಬಿಡುತ್ತದೆ!

ಈ ಬೆಟ್ಟಗಳಿಂದ ಕಡಲಿಗೆ ಅದಿರು ಕೂಡ ನೀರಿನಲ್ಲೇ ಹೋದದ್ದು. ಕುದುರೆಮುಖದ ಕಬ್ಬಿಣದ ಅದಿರನ್ನು ಕೆಸರು ಮಾಡಿ, ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಸುತ್ತಿದ್ದರು. 2005ರ ಕೊನೆಗೆ ಗಣಿ ನಿಂತಿತು. ಈಗ ಅಲ್ಲಿ ಶೋಲಾ ಕಾಡು, ಹುಲ್ಲುಗಾವಲು, ಮಂಜು.

ಕಾರ್ಕಳದ ಕಡೆ ಇಳಿಯುತ್ತಿದ್ದಂತೆ ಸೆಖೆ ಎದುರಾಯಿತು. ಗುಡ್ಡದ ತಲೆಯನ್ನು ಸಮ ಮಾಡಿ ಕಟ್ಟಿದ ಬಜಪೆ ನಿಲ್ದಾಣ ತಲುಪುವಾಗ ದೀಪ ಹೊತ್ತಿದ್ದವು. ಬಂದ ದಾರಿ ಇನ್ನೂರು ಕಿಲೋಮೀಟರಿಗೂ ಮೇಲೆ. ನೀವೂ ಹೊರಡುವುದಾದರೆ ಇಡೀ ಒಂದು ದಿನ ಮೀಸಲಿಡಿ, ಹೂಮಳೆ ಯಾವತ್ತು ಬಿತ್ತೆಂದು ತೋಟದವರನ್ನು ಕೇಳಿಕೊಂಡೇ ಹೊರಡಿ.