ಸಾಲೂ ಅಂಕಣವೂ

ಲೆಕ್ಕವನ್ನು ಬರೆಯುವುದು ಒಂದು ವಿದ್ಯೆ. ಬರೆದ ಲೆಕ್ಕವನ್ನು ಬೇಕಾದ ಕ್ರಮಕ್ಕೆ ತಿರುಗಿಸಿ ನೋಡುವುದು ಮತ್ತೊಂದು ವಿದ್ಯೆ. ಪೂರ್ವದ ಶಾನುಭೋಗರಿಗೆ ಇವೆರಡೂ ತಿಳಿದಿದ್ದವು. ಹಗಲೆಲ್ಲ ನಡೆದ ಕೊಡುಕೊಳೆಯನ್ನು ನಡೆದಂತೆಯೇ ಕಿರ್ದಿಯಲ್ಲಿ ಬರೆದುಕೊಳ್ಳುವರು. ಅನಂತರ ಅದೇ ಬಾಬುಗಳನ್ನು ಒಬ್ಬೊಬ್ಬ ಆಸಾಮಿಯ ಹೆಸರಿನ ಕೆಳಗೆ ಖಾತೆಗೆ ಎತ್ತುವರು. ಕಿರ್ದಿಯು ದಿನವನ್ನು ಹಿಡಿದು ನಡೆಯುವುದು, ಖಾತೆಯು ಮನುಷ್ಯನನ್ನು ಹಿಡಿದು ನಡೆಯುವುದು. ಬಾಬು ಒಂದೇ, ಮೊಬಲಗೂ ಒಂದೇ. ಆದರೂ ಕಿರ್ದಿಯಲ್ಲಿ ಕಾಣದ ಸಂಗತಿಯು ಖಾತೆಯಲ್ಲಿ ಕಾಣುವುದು. ಯಾರಿಂದ ಎಷ್ಟು ಬಾಕಿಯೆಂಬುದನ್ನು ಕಿರ್ದಿಯು ಎಂದಿಗೂ ತಾನಾಗಿ ಹೇಳದು. ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತಗಳು ಮೂಲೆಗೆ ಸೇರಿದವು, ಅವುಗಳ ಮೇಲೆ ಬರೆಯುತ್ತಿದ್ದ ಬಳಪವೂ ಹೋಯಿತು; ಆದರೆ ಬರೆದುದನ್ನು ತಿರುಗಿಸಿ ನೋಡಬೇಕೆಂಬ ಅವಶ್ಯಕತೆಯು ಮಾತ್ರ ಹೋಗಲಿಲ್ಲ.

ಕಪಿಲೆಯ ದಡದ ನಂಜನಗೂಡು, ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ, ಈ ಎರಡು ತಾಲ್ಲೂಕುಗಳು ಶಾಸನಗಳ ವಿಷಯದಲ್ಲಿ ಬಹು ಶ್ರೀಮಂತವಾದವು. ಗಂಗರ ರಾಜಧಾನಿಯಾಗಿದ್ದ ತಲಕಾಡು, ಚೋಳರ ಕಾಲದಲ್ಲಿ ಜನನಾಥಪುರವೆನಿಸಿಕೊಂಡಿದ್ದ ಮಾಲಂಗಿ, ದಂಡನಾಯಕ ಸೋಮನಾಥನು ಕಟ್ಟಿಸಿದ ಸೋಮನಾಥಪುರ, ಇವೆಲ್ಲ ನರಸೀಪುರದ ಸೀಮೆಯೊಳಗೇ ಇರುವುವು. ನಂಜನಗೂಡಿನ ಕಡೆಗೆ ಸುತ್ತೂರು, ಹದಿನಾರು, ಕಳಲೆ ಮುಂತಾದ ಹಳೆಯ ಊರುಗಳುಂಟು. ಬಿ. ಎಲ್. ರೈಸ್ ಮಹನೀಯರು ೧೮೯೪ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳೂ ಅಚ್ಚಾದುವು. ಅವರು ಕಲ್ಲುಗಳನ್ನು ತಾಲ್ಲೂಕಿನ ಮೇರೆಗೆ ಊರೂರಾಗಿ ಎಣಿಸಿ ನಂಬರು ಕೊಟ್ಟರು. ಅಷ್ಟರಿಂದಲೇ ತೃಪ್ತರಾಗದೆ ಅವೇ ಶಾಸನಗಳನ್ನು ಕಾಲಕ್ರಮಕ್ಕೆ ತಿರುಗಿಸಿದ ಪಟ್ಟಿಯೊಂದನ್ನೂ ಸೇರಿಸಿದರು. ಊರಿನ ಕ್ರಮವು ಕಿರ್ದಿಯಾದರೆ ಕಾಲದ ಕ್ರಮವು ಖಾತೆ. ೧೯೭೦ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಸಂಪುಟಗಳನ್ನು ಪರಿಷ್ಕರಿಸಿ ಮತ್ತೆ ಹೊರತಂದಾಗ ನಂಜನಗೂಡು ಮೂರನೆಯ ಸಂಪುಟದಲ್ಲಿ ಉಳಿಯಿತು, ನರಸೀಪುರವು ಐದನೆಯದಕ್ಕೆ ಹೋಯಿತು. ಹೊಸ ಶಾಸನಗಳು ಸೇರಿ ನಂಬರುಗಳೂ ಬೇರೆಯಾದುವು. ಇಷ್ಟರ ನಡುವೆ ಸರ್ಕಾರದ ಗಡಿಗಳೂ ಸುಮ್ಮನಿರಲಿಲ್ಲ. ರೈಸರ ಮೈಸೂರು ಜಿಲ್ಲೆಯೊಳಗಿದ್ದ ಮಂಡ್ಯ, ಮಳವಳ್ಳಿ, ಶ್ರೀರಂಗಪಟ್ಟಣಗಳು ೧೯೩೯ರಲ್ಲಿ ಬೇರೆ ಜಿಲ್ಲೆಯಾದುವು. ಕಲ್ಲು ನೆಟ್ಟಲ್ಲಿಯೇ ಇದ್ದರೂ ಅದರ ವಿಳಾಸವು ಮೂರು ಸಲ ಬದಲಾಗಿರಬಹುದು.

ನಂಜನಗೂಡಿನಲ್ಲಿ ಬಹುಕಾಲ ಉಪಾಧ್ಯಾಯರಾಗಿದ್ದು ವಿಶ್ರಾಂತಿಯನ್ನು ಪಡೆದ ಮೇಷ್ಟರೊಬ್ಬರು ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಒಂದೇ ಕೋಷ್ಟಕದಲ್ಲಿ ತರುವ ಕೆಲಸವನ್ನು ಕೈಗೊಂಡರು. ಅವರ ಹುಟ್ಟೂರು ಒಂದು ತಾಲ್ಲೂಕು, ಹೆಂಡತಿಯ ತೌರು ಇನ್ನೊಂದು. ಆದಕಾರಣ ಪಕ್ಷಪಾತಕ್ಕೆ ಆಸ್ಪದವಿರಲಿಲ್ಲ. ಒಂದು ಶಾಸನಕ್ಕೆ ಒಂದು ಸಾಲು. ಸಾಲಿಗೆ ಎಂಟು ಅಂಕಣ. ಊರು, ಹಳೆಯ ನಂಬರು, ಹೊಸ ನಂಬರು, ಅರಸು, ಶಕವರ್ಷ, ಸಂವತ್ಸರ, ಶಾಸನದ ಬಗೆ, ಕಲ್ಲು ಈಗ ಇರುವ ಸ್ಥಳ. ಮೊದಲು ದಪ್ಪ ನೋಟುಬುಕ್ಕಿನಲ್ಲಿ ಬರೆದರು. ಆಮೇಲೆ ನೆರೆಮನೆಯ ಹುಡುಗನಿಂದ ಕಲಿತು ಕಂಪ್ಯೂಟರಿನ ಕೋಷ್ಟಕಕ್ಕೆ ಏರಿಸಿದರು. ಎರಡು ವರ್ಷ ಹಿಡಿಯಿತು.

ಹೀಗಿರಲು ಒಂದು ದಿನ ಹಳ್ಳಿಯೊಂದರಿಂದ ಮೂವರು ಬಂದರು. ಅವರ ಕೆರೆಯ ಏರಿಯ ಕೆಳಗೆ ಒಂದು ವೀರಗಲ್ಲು ಇತ್ತು. ರಸ್ತೆಯನ್ನು ಅಗಲಮಾಡುವ ಕೆಲಸವು ಅದರ ಬುಡದವರೆಗೆ ಬಂದಿತ್ತು. ಕಲ್ಲು ಯಾರದು, ಎಷ್ಟು ಹಳೆಯದು ಎಂಬುದನ್ನು ಕಾಗದದಲ್ಲಿ ಬರೆದು ತೋರಿಸಿದರೆ ಅದನ್ನು ಜೋಪಾನವಾಗಿ ಎತ್ತಿ ಇರಿಸುವರು. ಇಲ್ಲವಾದರೆ ಅದು ಮಣ್ಣಿನೊಡನೆ ಹೋಗುವುದು. ಮೇಷ್ಟರು ಕೋಷ್ಟಕವನ್ನು ತೆರೆದು ನೋಡಿದರು. ದನಗಳನ್ನು ಬಿಡಿಸಲು ಹೋಗಿ ಸತ್ತ ವೀರನ ಕಲ್ಲು ಅದು. ಅರಸನ ಹೆಸರು ಹೊಯ್ಸಳನದು. ಆದರೆ ಎದುರಿಗಿದ್ದ ಶಕವರ್ಷವು ವಿಜಯನಗರದ ಕಾಲದ್ದು! ಅವರಿಗೆ ಒಂದು ಹಳೆಯ ಗಣಿತವು ನೆನಪಾಯಿತು. ಶಕವರ್ಷಕ್ಕೆ ೧೨ನ್ನು ಕೂಡಿ ೬೦ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವಾದಿ ಸಂವತ್ಸರಗಳ ಸಂಖ್ಯೆ. ಶೇಷವಿಲ್ಲದಿದ್ದರೆ ಕೊನೆಯ ಅಕ್ಷಯ. ತಲಕಾಡನ್ನು ಗೆದ್ದ ವಿಷ್ಣುವರ್ಧನನು ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆಮಾಡಿದುದು ಶಕ ೧೦೩೯ರಲ್ಲಿ, ಎಂದರೆ ಕ್ರಿ. ಶ. ೧೧೧೭ರಲ್ಲಿ. ಅದಕ್ಕೆ ೧೨ ಕೂಡಿದರೆ ೧೦೫೧. ೬೦ರಿಂದ ಭಾಗಿಸಿದರೆ ಶೇಷ ೩೧. ಮೂವತ್ತೊಂದನೆಯದು ಹೇವಿಳಂಬಿ, ಶಾಸನದಲ್ಲಿರುವುದೂ ಅದೇ. ಈ ಸೂತ್ರವನ್ನು ವೀರಗಲ್ಲಿನ ಸಾಲಿಗೆ ಹಿಡಿದರೆ ಹೊಂದಲಿಲ್ಲ, ಮೇಲಿನ ಸಾಲಿಗೆ ಹಿಡಿದರೆ ಹೊಂದಲಿಲ್ಲ, ಕೆಳಗಿನದಕ್ಕೂ ಹೊಂದಲಿಲ್ಲ. ಕಾಲಕ್ರಮದಲ್ಲಿ ನೋಡಬೇಕೆಂದು ಯಾವಾಗಲೋ ಶಕವರ್ಷದ ಅಂಕಣವೊಂದನ್ನೇ ಏರಿಕೆಯ ಕ್ರಮಕ್ಕೆ ತಂದಿದ್ದ ಫಲವದು. ವರ್ಷಗಳು ಮಾತ್ರ ಸಾಲಾಗಿ ನಿಂತಿದ್ದವು. ಉಳಿದ ಏಳು ಅಂಕಣಗಳು ಇದ್ದಲ್ಲಿಯೇ ಇದ್ದವು. ಒಬ್ಬನ ಮರಣವು ಇನ್ನೊಬ್ಬನ ಶತಮಾನಕ್ಕೆ ಅಂಟಿಕೊಂಡಿತ್ತು.

ಬಂದವರಿಗೆ ಮಜ್ಜಿಗೆಯನ್ನು ಕೊಡಿಸಿ, "ನಾಲ್ಕು ದಿನ ಬಿಟ್ಟು ಬನ್ನಿ, ತಪ್ಪು ಕಾಗದ ಕೊಡುವುದಕ್ಕಿಂತ ತಡವಾಗಿ ಕೊಡುವುದು ಮೇಲು" ಎಂದು ಹೇಳಿ ಕಳುಹಿಸಿದರು.

ಆ ವಾರದಲ್ಲಿಯೇ ದೊಡ್ಡ ಜಾತ್ರೆಗೆಂದು ಮೊಮ್ಮಗಳು ಬೆಂಗಳೂರಿನಿಂದ ಬಂದಳು. ಕಂಪ್ಯೂಟರಿನ ಕಚೇರಿಯಲ್ಲಿ ಕೆಲಸ; ಅವಳ ಯಂತ್ರದ ತೆರೆಯಲ್ಲಿ ಚಿತ್ರವಿಲ್ಲ, ಗುಂಡಿಗಳಿಲ್ಲ; ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರದ ಅಪ್ಪಣೆಗಳು ಮಾತ್ರ. ಮೇಷ್ಟರು ಕನ್ನಡಕವನ್ನು ಏರಿಸಿ ನೋಡಿ, "ಇದು ನಮ್ಮಜ್ಜನ ಕಡತವಲ್ಲವೇ!" ಎಂದರು. ಅವಳು ನಕ್ಕು, "ಹೌದು ತಾತ. ಇದರಲ್ಲಿ ಅಂಕಣವೊಂದೇ ಎದ್ದು ಹೊರಡುವುದಕ್ಕೆ ದಾರಿಯಿಲ್ಲ. ಸಾರ್ಟ್ ಎಂಬ ಅಪ್ಪಣೆಗೆ ಸಾಲೇ ಒಂದು ಒಡವೆ, ಹೊರಟರೆ ಇಡೀ ಸಾಲೇ ಹೊರಡಬೇಕು" ಎಂದಳು. ನೋಟುಬುಕ್ಕಿನಿಂದ ಶಕವರ್ಷಗಳನ್ನು ಮರಳಿ ಅವುಗಳ ಸ್ಥಾನಕ್ಕೆ ಸೇರಿಸುವ ಕೆಲಸವನ್ನು ಅಜ್ಜ ಮೊಮ್ಮಗಳು ಮೂರು ರಾತ್ರಿ ಕುಳಿತು ಮುಗಿಸಿದರು.

ಯಂತ್ರವು ಅಪ್ಪಣೆಯನ್ನು ಪಾಲಿಸುವುದು, ಅಭಿಪ್ರಾಯವನ್ನು ಊಹಿಸದು. ಈ ಸ್ವಭಾವವು ಮೊದಲನೆಯ ದಿನವೇ ತಿಳಿಯಿತು. ಐದನೆಯ ಅಂಕಣದ ಸಂಖ್ಯೆಯಂತೆ ಸಾಲುಗಳನ್ನು ಜೋಡಿಸೆಂದರೆ, ಊರಿನ ಹೆಸರಿನ ಅಕಾರಾದಿಯಲ್ಲಿ ಜೋಡಿಸಿ ಮುಂದಿಟ್ಟಿತು. ವಿಚಾರಿಸಿ ನೋಡಲು, ಮೇಷ್ಟರು ವರ್ಷಗಳನ್ನು ಕನ್ನಡದ ಅಂಕಿಗಳಲ್ಲಿ ಬರೆದಿದ್ದರು. ಸಾರ್ಟ್ ಎಂಬುದು ಇಂಗ್ಲಿಷ್ ಅಂಕಿಗಳನ್ನಲ್ಲದೆ ಬೇರೆಯವನ್ನು ಸಂಖ್ಯೆಯೆಂದು ಅರಿಯದು. ಅದರ ಕಣ್ಣಿಗೆ ಎಲ್ಲ ವರ್ಷಗಳೂ ಸೊನ್ನೆ. ಎಲ್ಲವೂ ಸಮವಾದ ಮೇಲೆ ಸಾಲನ್ನು ಮೊದಲಿನಿಂದ ಓದಿ ಅಕ್ಷರದಂತೆ ನಿಲ್ಲಿಸಿತು. ಮೊದಲಿದ್ದುದು ಊರಿನ ಹೆಸರು. ಮೇಷ್ಟರಿಗೆ ಕೊಂಚ ಅಭಿಮಾನಭಂಗವಾಯಿತು. ಮೊಮ್ಮಗಳು ಸೆಡ್ ಎಂಬ ಅಪ್ಪಣೆಯಿಂದ ಹತ್ತು ಅಂಕಿಗಳಿಗೂ ಪ್ರತಿಯಾಗಿ ಇಂಗ್ಲಿಷ್ ಅಂಕಿಗಳನ್ನು ಇಡಿಸಿ, ಕೆಲಸ ಮುಗಿದ ಮೇಲೆ ಮತ್ತೆ ಕನ್ನಡದ ಅಂಕಿಗಳನ್ನೇ ತರಿಸಿಕೊಟ್ಟಳು. ಒಂದು ಅಪ್ಪಣೆಯ ಫಲವು ಮತ್ತೊಂದಕ್ಕೆ ತಾನಾಗಿ ಹರಿದುಹೋಗುವಂತೆ ನಡುವೆ ಕೊಳವೆಯನ್ನು ಇಡುವ ಈ ಏರ್ಪಾಡು ೧೯೭೩ರಲ್ಲಿ ಯೂನಿಕ್ಸಿನೊಳಗೆ ಬಂದುದಂತೆ. ನರಸೀಪುರ ತಾಲ್ಲೂಕಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾಧವಮಂತ್ರಿಯ ಅಣೆಕಟ್ಟಿನ ನೀರು ನಾಲೆಗೂ, ನಾಲೆಯಿಂದ ತೂಬಿಗೂ, ತೂಬಿನಿಂದ ಗದ್ದೆಗೂ ಹೋಗುವ ಕ್ರಮವೇ ಅದು.

ಕಾಲವೇ ತಿಳಿಯದ ಕಲ್ಲುಗಳ ಗತಿಯು ಇನ್ನೂ ವಿಚಿತ್ರವಾಯಿತು. ಅವುಗಳ ವರ್ಷದ ಅಂಕಣವು ಬರಿದಾಗಿತ್ತು. ಬರಿದೆಂದರೆ ಸೊನ್ನೆಯೆಂದು ತಿಳಿದು ಯಂತ್ರವು ಅವನ್ನೆಲ್ಲ ಗಂಗರಿಗಿಂತಲೂ ಮುಂದೆ ಕೂಡಿಸಿತು. ತಿಳಿಯದುದನ್ನು ಅತಿ ಪ್ರಾಚೀನವೆಂದು ಹೇಳುವ ಚಪಲವು ಮನುಷ್ಯರಲ್ಲಿಯೂ ಉಂಟು. ಯಂತ್ರದಲ್ಲಿ ಅದು ಹೆಮ್ಮೆಯಿಂದ ಬಂದುದಲ್ಲವೆಂಬುದಷ್ಟೇ ಭೇದ. ಅಂತಹ ಸಾಲುಗಳನ್ನು ಬೇರೆಯಾಗಿ ಎತ್ತಿ ಪಟ್ಟಿಯ ಕಡೆಯಲ್ಲಿ ಇರಿಸಿದರು.

ಅಂಕಣಗಳ ಸ್ಥಾನವನ್ನು ಬದಲಿಸುವುದಕ್ಕೆ ಮೊದಲು ಕಟ್ ಎಂಬುದನ್ನು ಪ್ರಯೋಗಿಸಿದರು. ಅದು ಬೇಕಾದ ಅಂಕಣಗಳನ್ನು ಕತ್ತರಿಸಿ ಕೊಡುವುದು ನಿಜ; ಆದರೆ ಐದನೆಯದನ್ನು ಮುಂದಕ್ಕೂ ಮೊದಲನೆಯದನ್ನು ಹಿಂದಕ್ಕೂ ಕೇಳಿದರೆ, ಕೇಳಿದ ಕ್ರಮವನ್ನು ಲಕ್ಷಿಸದೆ ಇದ್ದ ಕ್ರಮದಲ್ಲಿಯೇ ಕೊಡುವುದು. ಸ್ಥಾನಪಲ್ಲಟಕ್ಕೆ ಆಕ್ ಎಂಬುದೇ ತಕ್ಕದ್ದು. ಇದು ೧೯೭೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದುದು. ಆಹೊ, ವೈನ್‌ಬರ್ಗರ್, ಕರ್ನಿಹನ್ ಎಂಬ ಮೂವರ ಹೆಸರುಗಳ ಇಂಗ್ಲಿಷ್ ಮೊದಲಕ್ಷರಗಳು ಸೇರಿ ಅದರ ಹೆಸರಾಯಿತು. ಐದನೆಯದನ್ನು ಮುಂದೆ ಬರೆ, ಮೊದಲನೆಯದನ್ನು ಆಮೇಲೆ ಬರೆ ಎಂದರೆ ಸಾಲುಸಾಲಾಗಿ ಹಾಗೆಯೇ ಬರೆಯುವುದು. ೧೨ನ್ನು ಕೂಡಿ ೬೦ರಿಂದ ಭಾಗಿಸೆಂದರೆ ಭಾಗಿಸಿ, ಸಂವತ್ಸರವು ಹೊಂದದ ಸಾಲುಗಳನ್ನು ಬೇರೆ ತೋರಿಸುವುದು. ಮೇಷ್ಟರು ಒಂದು ಸಂಜೆಯೆಲ್ಲ ಕುಳಿತು ಹೊಂದಿಸಿ ನೋಡಬಹುದಾದುದನ್ನು ಅದು ರೆಪ್ಪೆ ಬಡಿಯುವುದರೊಳಗೆ ನೋಡಿ ಮುಗಿಸಿತು. ಆದರೆ ಇದಕ್ಕೂ ಒಂದು ಎಚ್ಚರಿಕೆಯುಂಟು. ಬೇರೆ ಹೇಳದಿದ್ದರೆ ಅದು ನಡುವಣ ತೆರಪನ್ನೇ ಅಂಕಣದ ಗೋಡೆಯೆಂದು ಬಗೆಯುವುದು. "ತಡಿ ಮಾಲಂಗಿ" ಎಂದು ಬಿಡಿಸಿ ಬರೆದ ಸಾಲಿನಲ್ಲಿ ಊರೇ ಎರಡು ಅಂಕಣವಾಗಿ, ವರ್ಷವಿರಬೇಕಾದ ಮನೆಯಲ್ಲಿ ಅರಸನು ಬಂದು ಕುಳಿತನು. ಅಂಕಣಗಳ ನಡುವೆ ಟ್ಯಾಬ್ ಎಂಬ ಗುರುತನ್ನು ಹಾಕಿ, ಅದೊಂದೇ ಗೋಡೆಯೆಂದು ತಿಳಿಸಿದ ಮೇಲೆ ಎಲ್ಲರೂ ತಮ್ಮ ತಮ್ಮ ಮನೆಗೆ ಹೋದರು.

ಹಳೆಯ ನಂಬರಿಗೆ ಹೊಸ ನಂಬರನ್ನು ಕೂಡಿಸುವ ಕೆಲಸದಲ್ಲಿ ಮೇಷ್ಟರೇ ಮೊಮ್ಮಗಳಿಗೆ ಎಚ್ಚರಿಕೆ ಹೇಳಬೇಕಾಯಿತು. ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಅಂಟಿಸುವ ಪೇಸ್ಟ್ ಎಂಬ ಅಪ್ಪಣೆಯೊಂದುಂಟು. ಅದು ಯಾರ ಪಕ್ಕದಲ್ಲಿ ಯಾರು ನಿಂತರೆಂದು ವಿಚಾರಿಸದೆ ಹಾಗೆಯೇ ಅಂಟಿಸಿಬಿಡುವುದು. ಜಾಯಿನ್ ಎಂಬುದು ಹಾಗಲ್ಲ. ಎರಡರಲ್ಲಿಯೂ ಇರುವ ಗುರುತನ್ನು ಹೋಲಿಸಿಯೇ ಕೂಡಿಸುವುದು. "ಆದರೆ ನಂಜನಗೂಡಿಗೂ ಒಂದನೆಯ ನಂಬರಿದೆ, ನರಸೀಪುರಕ್ಕೂ ಒಂದನೆಯ ನಂಬರಿದೆಯಲ್ಲ ಮಗು! ಬರಿಯ ನಂಬರನ್ನು ನಂಬಿದರೆ ಕಪಿಲೆಯ ಕಲ್ಲು ಕಾವೇರಿಗೆ ಹೋದೀತು" ಎಂದು ಅವರು ಹೇಳಲು, ಅವಳು ನಂಬರಿನ ಹಿಂದೆ ತಾಲ್ಲೂಕಿನ ಹೆಸರನ್ನೂ ಸೇರಿಸಿ ಗುರುತನ್ನು ಮಾಡಿದಳು. ಎರಡು ಪಟ್ಟಿಗಳನ್ನೂ ಆ ಗುರುತಿನ ಕ್ರಮದಲ್ಲಿ ಮೊದಲೇ ಜೋಡಿಸಿಕೊಡಬೇಕು. ಜೊತೆ ಸಿಕ್ಕದ ಸಾಲನ್ನು ಜಾಯಿನ್ ಸದ್ದಿಲ್ಲದೆ ಕೈಬಿಡುವುದಾದ್ದರಿಂದ, ಒಂಟಿಯಾದುವನ್ನೂ ಉಳಿಸೆಂದು ಬೇರೆ ಅಪ್ಪಣೆಮಾಡಬೇಕು. ರೈಸರ ತರುವಾಯ ಸಿಕ್ಕಿದ ಶಾಸನಗಳಿಗೆ ಹಳೆಯ ನಂಬರೇ ಇಲ್ಲವಷ್ಟೆ. ಆ ಒಂದು ಮಾತನ್ನು ಮರೆತಿದ್ದರೆ ಅವೆಲ್ಲ ಪಟ್ಟಿಯಿಂದ ಮಾಯವಾಗುತ್ತಿದ್ದುವು, ಮಾಯವಾದುವೆಂದು ಯಾರಿಗೂ ತಿಳಿಯುತ್ತಲೂ ಇರಲಿಲ್ಲ.

ಹೊರಡುವ ಮುನ್ನ ಮೊಮ್ಮಗಳು ಒಂದು ನಿಯಮವನ್ನು ನೋಟುಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟಳು. ಈ ಅಪ್ಪಣೆಗಳು ಮೂಲವನ್ನು ಮುಟ್ಟದೆ ಫಲವನ್ನು ಬೇರೆಯಾಗಿ ಕೊಡುವುವು; ಆದರೆ ಆ ಫಲವನ್ನು ಮೂಲದ ಹೆಸರಿನ ಮೇಲೆಯೇ ಹೊಯ್ದರೆ, ಓದುವುದಕ್ಕೆ ಮೊದಲೇ ಮೂಲವು ಬರಿದಾಗಿಹೋಗುವುದು. ಆದ್ದರಿಂದ ಯಾವಾಗಲೂ ಹೊಸ ಹೆಸರನ್ನೇ ಕೊಡತಕ್ಕದ್ದು. ಮೇಷ್ಟರು ಅದರ ಕೆಳಗೆ ಕೆಂಪು ಮಸಿಯಲ್ಲಿ ಎರಡು ಗೆರೆಗಳನ್ನು ಎಳೆದರು.

ಗೊತ್ತಾದ ದಿನ ಹಳ್ಳಿಯವರು ಬಂದರು. ವೀರಗಲ್ಲಿನ ಸಾಲೊಂದನ್ನು ಆಕ್‌ನಿಂದ ಎತ್ತಿ, ಅಡ್ಡವಾಗಿದ್ದುದನ್ನು ಉದ್ದವಾಗಿ ತಿರುಗಿಸಿ, ಎಡಗಡೆಯಲ್ಲಿ ಅಂಕಣದ ಹೆಸರು, ಬಲಗಡೆಯಲ್ಲಿ ಸಂಗತಿ, ಹೀಗೆ ಎಂಟು ಪಂಕ್ತಿಗಳಾಗಿ ಅಚ್ಚುಹಾಕಿದ ಕಾಗದವು ಸಿದ್ಧವಾಗಿತ್ತು. ಮೇಷ್ಟರು ಅದನ್ನು ಸಂಪುಟದ ಪುಟದೊಡನೆ ಮತ್ತೊಮ್ಮೆ ಹೋಲಿಸಿ ನೋಡಿಯೇ ಕೊಟ್ಟರು. ಬಂದವರಲ್ಲಿ ಹಿರಿಯನು ಅದನ್ನು ಗಟ್ಟಿಯಾಗಿ ಓದಿದನು. ವೀರನ ಹೆಸರು ಬಂದಾಗ ನಿಲ್ಲಿಸಿ, "ಈ ಹೆಸರು ನಮ್ಮ ಕೇರೀಲಿ ಇವತ್ತಿಗೂ ಐತೆ ಸ್ವಾಮಿ" ಎಂದನು. ಆ ವಾರವೇ ಕಲ್ಲನ್ನು ಗಾಡಿಯಲ್ಲಿ ಸಾಗಿಸಿ ಊರಿನ ಗುಡಿಯ ಜಗುಲಿಯ ಪಕ್ಕದಲ್ಲಿ ನೆಟ್ಟರು. ಮೇಷ್ಟರು ಎಂಟನೆಯ ಅಂಕಣದಲ್ಲಿ "ಕೆರೆಯ ಏರಿ" ಎಂಬುದನ್ನು ತಿದ್ದಿ ಹೊಸ ಸ್ಥಳವನ್ನು ಬರೆದರು.

ತಿದ್ದಿದ ಮೇಲೆ, ಏನೋ ತೋಚಿ, ಇಡೀ ಕೋಷ್ಟಕವನ್ನು ಆ ಎಂಟನೆಯ ಅಂಕಣದ ಕ್ರಮಕ್ಕೆ ಒಮ್ಮೆ ತಿರುಗಿಸಿದರು. ಅದುವರೆಗೆ ಊರೂರುಗಳ ನಡುವೆ ಚೆದರಿ, ಕಣ್ಣಿಗೆ ಬೀಳದೆ ಇದ್ದ ಬರಿಯ ಮನೆಗಳೆಲ್ಲವೂ ಒಟ್ಟುಗೂಡಿ ಮೇಲಕ್ಕೆ ಬಂದುವು. ಪುಸ್ತಕದಲ್ಲಿ ಪಾಠವಿದ್ದು, ಕಲ್ಲು ಈಗ ಎಲ್ಲಿದೆಯೆಂಬುದು ಮಾತ್ರ ಬರೆಯಲ್ಪಡದ ಸಾಲುಗಳವು. ತೆರೆಯು ತುಂಬಿದರೂ ಮುಗಿಯಲಿಲ್ಲ. ಕಿರ್ದಿಯಲ್ಲಿ ಕಾಣದ ಬಾಕಿಯು ಖಾತೆಯಲ್ಲಿ ಕಾಣಿಸಿಕೊಂಡಿತು. ಅದನ್ನು ತುಂಬುವುದಕ್ಕೆ ಯಾವ ಅಪ್ಪಣೆಯಿಂದಲೂ ಆಗದು. ಮೇಷ್ಟರು ಆ ಸಾಲುಗಳನ್ನು ಹೋಬಳಿಯ ಮೇರೆಗೆ ಮತ್ತೊಮ್ಮೆ ಜೋಡಿಸಿ ಅಚ್ಚುಹಾಕಿಸಿಕೊಂಡರು. ಬಿಸಿಲು ಇಳಿದ ಮೇಲೆ ಕೊಡೆಯನ್ನೂ ನೀರಿನ ಸೀಸೆಯನ್ನೂ ತೆಗೆದುಕೊಂಡು, ಮೊದಲನೆಯ ಸಾಲಿನ ಊರಿಗೆ ಹೋಗುವ ಬಸ್ಸನ್ನು ಹತ್ತಿದರು.