ಲಕ್ವವೆಂದಷ್ಟೇ ಬರೆದರೆ ಸಾಲದು

ಲೇಪಾಕ್ಷಿಯ ನಮ್ಮ ಕಡೆ ಕೈಕಾಲು ಬಿದ್ದುಹೋದರೆ ಎಲ್ಲಕ್ಕೂ ಒಂದೇ ಹೆಸರು, ಲಕ್ವ. ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಕುಳಿತು ರೋಗಿಗಳ ಕಡತಗಳಿಗೆ ಸಂಕೇತ ಬರೆಯುವ ನನಗೆ ಆ ಒಂದು ಹೆಸರಿನಿಂದ ಕೆಲಸ ಸಾಗದು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹತ್ತನೆಯ ಪರಿಷ್ಕರಣೆಯಂತೆ, ಮೆದುಳಿನೊಳಗೆ ರಕ್ತ ಸೋರಿದರೆ ಐ ೬೧. ರಕ್ತನಾಳ ಕಟ್ಟಿಕೊಂಡು ಮೆದುಳಿನ ಭಾಗ ಸತ್ತರೆ ಐ ೬೩. ಯಾವುದೆಂದು ತಿಳಿಯದಿದ್ದರೆ ಐ ೬೪.

ಹೊರನೋಟಕ್ಕೆ ಎರಡೂ ಒಂದೇ: ಬಾಯಿ ಸೊಟ್ಟಗಾಗುವುದು, ತೋಳು ಜೋಲುವುದು, ಮಾತು ತೊದಲುವುದು. ಭೇದವನ್ನು ತೋರಿಸುವುದು ಸಿ.ಟಿ. ಸ್ಕ್ಯಾನ್. ಕಟ್ಟಿದ ನಾಳಕ್ಕೆ ಹೆಪ್ಪು ಕರಗಿಸುವ ಮದ್ದು ಆಸರೆ. ಸೋರುವ ನಾಳಕ್ಕೆ ಅದೇ ಮದ್ದು ಪ್ರಾಣಾಂತಿಕವಾದೀತು. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಲೆಕ್ಕ ಆರಂಭವಾಗುವುದು ಆಸ್ಪತ್ರೆ ಮುಟ್ಟಿದಾಗಲ್ಲ. ರೋಗಿ ಸರಿಯಾಗಿದ್ದುದನ್ನು ಕೊನೆಯ ಬಾರಿ ಕಂಡ ಗಳಿಗೆಯಿಂದ. ಆ ಗಳಿಗೆಯೇ ಬರೆದಿರದ ಕಡತಗಳನ್ನು ಕಂಡಾಗ ಮನಸ್ಸು ಮುದುಡುತ್ತದೆ.

ಇಲ್ಲಿಯೇ ನಮ್ಮ ಮಕ್ಕಳ ಪಾತ್ರ ಬರುತ್ತದೆ. ಅಜ್ಜಿ ಹೇಳುವುದು ಕನ್ನಡ, ವೈದ್ಯರು ಕೇಳುವುದು ತೆಲುಗು, ಕಾಗದದಲ್ಲಿ ಉಳಿಯುವುದು ಇಂಗ್ಲಿಷ್. ನಡುವೆ ನಿಂತು ಅರ್ಥ ಹೇಳುವವರು ಅನೇಕ ಸಲ ಶಾಲೆಗೆ ಹೋಗುವ ಮೊಮ್ಮಕ್ಕಳೇ. "ಬೆಳಿಗ್ಗೆಯಿಂದ ಹೀಗೆ" ಎನ್ನುವುದಕ್ಕಿಂತ "ಆರು ಗಂಟೆಗೆ ಕಾಫಿ ಕುಡಿದಾಗ ಚೆನ್ನಾಗಿದ್ದರು" ಎಂಬ ಮಾತು ವೈದ್ಯರಿಗೆ ಹೆಚ್ಚು ನೆರವಾಗುತ್ತದೆ.

ಆದುದರಿಂದ ಲಕ್ಷಣ ಕಂಡೊಡನೆ ಗಡಿಯಾರ ನೋಡಿ, ೧೦೮ಕ್ಕೆ ಕರೆಮಾಡಿರಿ. ಮನೆಗೆ ಮರಳಿದ ಮೇಲೆ ಸ್ಕ್ಯಾನ್ ವರದಿಯನ್ನೂ ಬಿಡುಗಡೆ ಚೀಟಿಯನ್ನೂ ಪಡಿತರ ಚೀಟಿಯಷ್ಟೇ ಜೋಪಾನವಾಗಿಡಿರಿ. ನಾಳೆ ಬೇರೆ ವೈದ್ಯರು ಮದ್ದು ಬರೆಯುವಾಗ, ಕಟ್ಟಿದ್ದೋ ಸೋರಿದ್ದೋ ಎಂಬುದನ್ನು ಆ ಕಾಗದವೇ ಹೇಳಬೇಕು.